ಪಂಚಾಯಿತಿ ಕಚೇರಿಯಲ್ಲಿ ಹವಾಮಾನ ಕಾರ್ಯಾಗಾರ: ಕಚೇರಿಯ ವಹಿಗಳಿಂದಲೇ ಆರಂಭ

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವು 1933ರ ಬಳಿಕ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಘೋಷಿಸಬೇಕಾಯಿತು. ಒಂದು ವರ್ಷ ಕೆರೆ ಏರಿಯ ದುರಸ್ತಿಗೆ ಅಂದಾಜುಪಟ್ಟಿ ಸಿದ್ಧಪಡಿಸಿ, ಮರುವರ್ಷ ಟ್ಯಾಂಕರ್ ನೀರಿನ ದರಪಟ್ಟಿಗೆ ಅನುಮೋದನೆ ನೀಡುವ ಪರಿಸ್ಥಿತಿಯು ಬಯಲುಸೀಮೆಯ ಪಂಚಾಯಿತಿಗಳಿಗೆ ಅಪರಿಚಿತವಲ್ಲ. ಹೀಗಿದ್ದರೂ ಹವಾಮಾನ ಬದಲಾವಣೆ ಎಂದೊಡನೆ ಕಣ್ಣ ಮುಂದೆ ಬರುವುದು ಕರಗುವ ಹಿಮಗಡ್ಡೆಯ ಭಿತ್ತಿಚಿತ್ರವೇ ಹೊರತು ಪಂಚಾಯಿತಿಯ ಕೊಳವೆಬಾವಿಯಲ್ಲ. ಈ ಅಂತರವನ್ನು ನಿವಾರಿಸುವ ಸಲುವಾಗಿ, ಸದಸ್ಯರು ಮತ್ತು ಸಿಬ್ಬಂದಿ ಒಟ್ಟಿಗೆ ಕುಳಿತು ಕಚೇರಿಯಲ್ಲಿಯೇ ನಡೆಸಬಹುದಾದ ಕಾರ್ಯಾಗಾರದ ಕ್ರಮವನ್ನು ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಯಾರು ಭಾಗವಹಿಸಬೇಕು

ತರಬೇತಿಗಳಿಗೆ ಸಾಮಾನ್ಯವಾಗಿ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಅಭಿವೃದ್ಧಿ ಅಧಿಕಾರಿಗಳು ಹೋಗಿ ಬರುತ್ತಾರೆ. ನೀರುಗಂಟಿ, ಕರ ವಸೂಲಿಗಾರ, ಸ್ವಚ್ಛ ವಾಹಿನಿಯ ಚಾಲಕಿ, ಅರಿವು ಕೇಂದ್ರದ ಮೇಲ್ವಿಚಾರಕ ಇವರಿಗೆ ಆಹ್ವಾನ ಬರುವುದು ವಿರಳ. ಆದರೆ ಬದಲಾವಣೆಯನ್ನು ಮೊದಲು ಕಾಣುವವರು ಇವರೇ. ಯಾವ ಕೊಳವೆಬಾವಿಯು ಯಾವ ತಿಂಗಳಿನಿಂದ ನೀರಿಗೆ ಬದಲು ಗಾಳಿಯನ್ನು ಎತ್ತತೊಡಗಿತು ಎಂಬುದು ನೀರುಗಂಟಿಗೆ ಬಾಯಿಪಾಠವಾಗಿರುತ್ತದೆ. ಆದುದರಿಂದ ಕಾರ್ಯಾಗಾರದಲ್ಲಿ ಕುರ್ಚಿಗಳ ಸಾಲು ಬೇಡ. ಎಲ್ಲರೂ ಒಂದೇ ಮೇಜಿನ ಸುತ್ತ, ಅಥವಾ ಜಮಖಾನೆಯ ಮೇಲೆ ಕೂರುವುದು ಲೇಸು.

ಸದಸ್ಯೆಯರ ಪರವಾಗಿ ಅವರ ಪತಿಯರು ಬಂದು ಕೂರುವ ರೂಢಿಗೆ ಇಲ್ಲಿ ಅವಕಾಶವಿರಕೂಡದು. ಇದು ಕೇವಲ ನಿಯಮದ ಮಾತಲ್ಲ. ಬೇಸಿಗೆಯಲ್ಲಿ ಮನೆಗೆ ಎಷ್ಟು ಕೊಡ ನೀರು ಬೇಕು, ನಲ್ಲಿಯ ಮುಂದೆ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕವು ಪತಿಯರಿಗೆ ತಿಳಿದಿರುವುದಿಲ್ಲ.

ಚೀಟಿಗಳ ಕ್ರಮ

ಫ್ರಾನ್ಸ್ ದೇಶದ ಸೆಡ್ರಿಕ್ ರಿಂಗೆನ್‌ಬಾಕ್ ಎಂಬವರು 2015ರಲ್ಲಿ 'ಕ್ಲೈಮೇಟ್ ಫ್ರೆಸ್ಕ್' ಎಂಬ ಕಾರ್ಯಾಗಾರವನ್ನು ರೂಪಿಸಿದರು. ಅದರಲ್ಲಿ 42 ಚೀಟಿಗಳಿರುತ್ತವೆ. ಭಾಗವಹಿಸುವವರು ಸುಮಾರು ಮೂರು ಗಂಟೆಗಳ ಅವಧಿಯಲ್ಲಿ ಅವುಗಳನ್ನು ದೊಡ್ಡ ಹಾಳೆಯ ಮೇಲೆ ಕಾರಣ ಮತ್ತು ಪರಿಣಾಮದ ಕ್ರಮದಲ್ಲಿ ತಾವೇ ಜೋಡಿಸುತ್ತಾರೆ. ನಡೆಸುವವರು ಭಾಷಣ ಮಾಡುವುದಿಲ್ಲ. ಇಂದು ಅನೇಕ ದೇಶಗಳ ಕಚೇರಿಗಳಲ್ಲಿ ಸಹೋದ್ಯೋಗಿಗಳೇ ಸಹೋದ್ಯೋಗಿಗಳಿಗೆ ಇದನ್ನು ನಡೆಸಿಕೊಡುತ್ತಿದ್ದಾರೆ.

ಗ್ರಾಮ ಪಂಚಾಯಿತಿಗೆ 42 ಚೀಟಿಗಳು ಹೆಚ್ಚಾದವು. ಹದಿನೈದು ಸಾಕು. ಕಲ್ಲಿದ್ದಲು, ವಿದ್ಯುತ್, ಇಂಗಾಲದ ಡೈಆಕ್ಸೈಡ್, ತಾಪಮಾನ, ಗಾಳಿಯ ತೇವಾಂಶ ಎಂಬ ಚೀಟಿಗಳ ಜೊತೆಗೆ ಸ್ಥಳೀಯವಾದವುಗಳನ್ನು ಬರೆದುಕೊಳ್ಳಬಹುದು: 'ಮಘೆ ಮಳೆ ತಪ್ಪಿತು', 'ಒಂದೇ ರಾತ್ರಿ ಕೆರೆ ತುಂಬಿತು', 'ಪಂಪನ್ನು ಇನ್ನಷ್ಟು ಆಳಕ್ಕೆ ಇಳಿಸಲಾಯಿತು', 'ಕರೆಂಟ್ ಬಿಲ್ಲು ಬಾಕಿ', 'ಪೂರಕ ಕಾಲುವೆಯಲ್ಲಿ ಹೂಳು'. ಓದು ಬಾರದವರಿಗೆ ಸಂಕೋಚವಾಗದಂತೆ ಪ್ರತಿ ಚೀಟಿಯ ಮೇಲೂ ಒಂದು ಚಿತ್ರವಿರಬೇಕು ಮತ್ತು ಇಬ್ಬಿಬ್ಬರನ್ನು ಜೋಡಿ ಮಾಡಬೇಕು.

ವಿಜ್ಞಾನವನ್ನು ಇಪ್ಪತ್ತು ನಿಮಿಷಗಳಿಗೆ ಮೀರದಂತೆ ಹೇಳಿ ಮುಗಿಸುವುದು ಉತ್ತಮ. ಕೈಗಾರಿಕಾ ಯುಗಕ್ಕೆ ಮುನ್ನ ವಾತಾವರಣದ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಭೂಮಿಯು ಹೊದ್ದ ಕಂಬಳಿಯು ಅಷ್ಟರಮಟ್ಟಿಗೆ ದಪ್ಪವಾಗಿದೆ. ದಾಖಲೆಯಲ್ಲಿರುವ ವರ್ಷಗಳಲ್ಲಿ 2024ನೇ ವರ್ಷವು ಅತ್ಯಂತ ಬಿಸಿಯಾದ ವರ್ಷವಾಗಿತ್ತು. ತಾಪಮಾನವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಸುಮಾರು ಶೇಕಡ 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಬಿಸಿ ಗಾಳಿಯು ದೊಡ್ಡ ಕೊಡದಂತೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತುಂಬಲು ಹೆಚ್ಚು ಕಾಲ ಬೇಕು, ಉರುಳಿದಾಗ ಬೀಳುವ ನೀರೂ ಹೆಚ್ಚು. ಮಳೆಯ ದಿನಗಳು ಕಡಿಮೆಯಾಗಿ ಸುರಿತವು ರಭಸವಾದರೆ ನೀರು ಇಂಗದೆ ಹರಿದುಹೋಗುತ್ತದೆ.

ಹಿರಿಯ ಸದಸ್ಯರು ರೋಹಿಣಿಯಿಂದ ಸ್ವಾತಿಯವರೆಗಿನ ಮಳೆಗಳನ್ನು ನೆನಪಿನಿಂದ ಹೇಳಬಲ್ಲರು. ಆ ನೆನಪನ್ನು ಗೋಡೆಯ ಮೇಲೆ ಬರೆದು, ಪಕ್ಕದಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕದ ಅಂಕಿಗಳನ್ನು ಇಡಬೇಕು. ಎರಡೂ ತಾಳೆಯಾಗದಿದ್ದರೆ ಗಾಬರಿಯಾಗಬೇಕಿಲ್ಲ. ಒಂದು ವರ್ಷದ ಮಳೆಯಿಂದ ಹವಾಮಾನವನ್ನು ನಿರ್ಣಯಿಸಲಾಗದು, ಅದಕ್ಕೆ ಕನಿಷ್ಠ 30 ವರ್ಷಗಳ ಸರಾಸರಿ ಬೇಕು ಎಂಬುದನ್ನು ತಿಳಿಸಲು ಅದೇ ತಕ್ಕ ಸಮಯ. 2023ರ ಬರಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೊ ವಿದ್ಯಮಾನವೂ ಕಾರಣವಾಗಿತ್ತೆಂಬುದನ್ನು ಮುಚ್ಚಿಡಬಾರದು.

ವಹಿಯಲ್ಲಿರುವ ಲೆಕ್ಕ

ಕಾರ್ಯಾಗಾರದ ತಿರುಳು ಇರುವುದು ಕೊಳವೆಬಾವಿಗಳ ವಹಿ ಮತ್ತು ವಿದ್ಯುತ್ ಬಿಲ್ಲುಗಳಲ್ಲಿ. ಒಂದು ಸಾವಿರ ಜನರಿರುವ ಗ್ರಾಮವೊಂದನ್ನು ಭಾವಿಸೋಣ. ಜಲಜೀವನ್ ಮಿಷನ್ನಿನ ಮಾನದಂಡದಂತೆ ತಲಾ 55 ಲೀಟರ್ ಎಂದರೆ ದಿನಕ್ಕೆ 55 ಸಾವಿರ ಲೀಟರ್ ನೀರನ್ನು ಎತ್ತಬೇಕು. ನೀರಿನ ಮಟ್ಟವು 60 ಮೀಟರ್ ಆಳದಲ್ಲಿದ್ದು, ಪಂಪು ಬಳಸುವ ವಿದ್ಯುತ್ತಿನಲ್ಲಿ ಅರ್ಧದಷ್ಟು ಮಾತ್ರ ನೀರೆತ್ತುವ ಕೆಲಸಕ್ಕೆ ಒದಗುತ್ತದೆಂದು ಹಿಡಿದರೆ ದಿನಕ್ಕೆ ಸುಮಾರು 18 ಯೂನಿಟ್ ಬೇಕಾಗುತ್ತದೆ. ಅದೇ ನೀರು 180 ಮೀಟರಿಗೆ ಇಳಿದರೆ 54 ಯೂನಿಟ್. ಜನರಿಗೆ ಒಂದು ಕೊಡ ನೀರೂ ಹೆಚ್ಚಾಗಿ ಸಿಗದೆ ವರ್ಷಕ್ಕೆ 13 ಸಾವಿರ ಯೂನಿಟ್ ಹೆಚ್ಚುವರಿ ಖರ್ಚಾಗುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಇದು ವರ್ಷಕ್ಕೆ ಒಂಬತ್ತು ಟನ್ ಆಗುತ್ತದೆ.

ಈ ಲೆಕ್ಕವನ್ನು ಫಲಕದ ಮೇಲೆ ಲೆಕ್ಕ ಸಹಾಯಕರೇ ಮಾಡಿ ತೋರಿಸಲಿ. ಆಗ ಚೀಟಿಗಳ ಸಾಲು ತಾನಾಗಿ ವೃತ್ತವಾಗುತ್ತದೆ. ಮಳೆ ಇಂಗದೆ ನೀರು ಆಳಕ್ಕೆ ಇಳಿಯುತ್ತದೆ, ಆಳ ಹೆಚ್ಚಿದಂತೆ ವಿದ್ಯುತ್ ಹೆಚ್ಚು, ವಿದ್ಯುತ್ತಿಗೆ ಕಲ್ಲಿದ್ದಲು, ಕಲ್ಲಿದ್ದಲಿನಿಂದ ಮತ್ತೆ ತಾಪ. ಜಗತ್ತಿನ ಲೆಕ್ಕದಲ್ಲಿ ಒಂದು ಗ್ರಾಮದ ಪಾಲು ಅತ್ಯಲ್ಪವೆಂಬುದು ನಿಜ. ಆದರೆ ಬಿಲ್ಲಿನ ಬಾಕಿಯು ಅತ್ಯಲ್ಪವಲ್ಲ.

ಇಲ್ಲಿಯೇ ಒಂದು ಅಪಾಯವೂ ಇದೆ. 'ಎಲ್ಲವೂ ಹವಾಮಾನ ಬದಲಾವಣೆಯ ಫಲ, ಪಂಚಾಯಿತಿ ಏನು ಮಾಡೀತು' ಎಂಬ ಮಾತು ಈ ಹಂತದಲ್ಲಿ ಬಂದೇ ಬರುತ್ತದೆ. ಬಯಲುಸೀಮೆಯ ಪಂಚಾಯಿತಿಯೊಂದರ ಕಾರ್ಯಾಗಾರದಲ್ಲಿ ಹೀಗೆಯೇ ಚರ್ಚೆ ಮುಗಿಯುವುದರಲ್ಲಿತ್ತು. ಅಷ್ಟುಹೊತ್ತು ಮೌನವಾಗಿದ್ದ ನೀರುಗಂಟಿಯೊಬ್ಬರು ಎದ್ದು, 'ಪೂರಕ ಕಾಲುವೆಯಲ್ಲಿ ಹೂಳು' ಎಂಬ ಚೀಟಿಯನ್ನು 'ಮಳೆ ತಪ್ಪಿತು' ಎಂಬುದರ ಕೆಳಗಿನಿಂದ ತೆಗೆದು ಪ್ರತ್ಯೇಕವಾಗಿ ಇಟ್ಟರು. ಹಿಂದಿನ ವರ್ಷ ಮಳೆ ಚೆನ್ನಾಗಿಯೇ ಬಂದಿತ್ತು, ಕಾಲುವೆಯು ಒತ್ತುವರಿಯಾಗಿದ್ದರಿಂದ ನೀರು ಕೆರೆಗೆ ಬರಲಿಲ್ಲ ಎಂದು ಅವರು ಹೇಳಿದ ಮೇಲೆ ಸಭೆಯು ಸ್ವಲ್ಪ ಹೊತ್ತು ಸ್ತಬ್ಧವಾಯಿತು. ಒತ್ತುವರಿ ಮಾಡಿದವರು ಯಾರೆಂಬುದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು. ಇಂತಹ ಸಂದರ್ಭದಲ್ಲಿ ಚಹಾ ವಿರಾಮವನ್ನು ಘೋಷಿಸುವುದು ಕೆಟ್ಟ ಉಪಾಯವಲ್ಲ. ಆದರೆ ವಿರಾಮದ ಬಳಿಕ ಆ ಚೀಟಿಯನ್ನು ಎತ್ತಿಡಕೂಡದು.

ನಡೆಸಿಕೊಡುವವರು ಹಾಳೆಯ ಮಧ್ಯೆ ಒಂದು ಗೆರೆ ಎಳೆಯಬೇಕು. ದೂರದಿಂದ ಬಂದದ್ದು ಒಂದು ಬದಿಗೆ, ಗ್ರಾಮದ ಎಲ್ಲೆಯೊಳಗೆ ಆದದ್ದು ಇನ್ನೊಂದು ಬದಿಗೆ. ಬಯಲುಸೀಮೆಯಲ್ಲಿ ಅಂತರ್ಜಲ ಕುಸಿಯಲು ಮುಖ್ಯ ಕಾರಣ ಇಂಗುವುದಕ್ಕಿಂತ ಹೆಚ್ಚು ಎತ್ತಿದ್ದು. ಹವಾಮಾನವು ಆ ಗಾಯದ ಮೇಲೆ ಬೀಳುವ ಬರೆ. ಇದನ್ನು ಸ್ಪಷ್ಟವಾಗಿ ಹೇಳದ ಕಾರ್ಯಾಗಾರವು ಪಂಚಾಯಿತಿಗೆ ಹೊಸದೊಂದು ನೆಪವನ್ನಷ್ಟೇ ಒದಗಿಸೀತು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ ಮತ್ತು ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ, ಕುಡಿಯುವ ನೀರು, ಅಸಾಂಪ್ರದಾಯಿಕ ಇಂಧನ ಇವೆಲ್ಲವೂ ಸೇರಿವೆ ಎಂಬುದನ್ನು ಸ್ಮರಿಸಬಹುದು.

ಗೆರೆಯ ಈಚೆಗೆ ಬರುವ ಕೆಲವು ಸಂಗತಿಗಳಿಗೆ ಹಣವೇ ಬೇಡ. ಉದ್ಯೋಗ ಖಾತರಿ ಕಾಮಗಾರಿಯನ್ನು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೆಳಗಿನ ಜಾವವೇ ಆರಂಭಿಸಿ ನಡುಹಗಲಿಗೆ ಮುನ್ನ ಮುಗಿಸುವುದು, ಸ್ಥಳದಲ್ಲಿ ನೆರಳು ಮತ್ತು ಕುಡಿಯುವ ನೀರನ್ನು ಒದಗಿಸುವುದು ಇದಕ್ಕೆ ನಿದರ್ಶನ. ಕಸಕ್ಕೆ ಬೆಂಕಿ ಇಡುವುದನ್ನು ನಿಲ್ಲಿಸುವುದೂ ಅಷ್ಟೇ.

ಯಾವಾಗ, ಮತ್ತು ಅನಂತರ ಏನು

ಜನ ಯೋಜನೆ ಅಭಿಯಾನವು ಅಕ್ಟೋಬರ್ 2ರಂದು ಆರಂಭವಾಗುವುದರಿಂದ, ಕಾರ್ಯಾಗಾರವನ್ನು ಸೆಪ್ಟೆಂಬರಿನಲ್ಲಿ ನಡೆಸಿದರೆ ಅಲ್ಲಿ ಮೂಡಿದ ಅಂಶಗಳನ್ನು ಗ್ರಾಮಸಭೆಗೆ ಮಂಡಿಸಲು ಕಾಲಾವಕಾಶ ದೊರೆಯುತ್ತದೆ. ಮಾರ್ಚ್ ತಿಂಗಳಲ್ಲಿ ಇಟ್ಟುಕೊಂಡರೆ ಸಿಬ್ಬಂದಿಯ ದೇಹ ಮಾತ್ರ ಸಭೆಯಲ್ಲಿರುತ್ತದೆ, ಮನಸ್ಸು ಲೆಕ್ಕ ಮುಕ್ತಾಯದಲ್ಲಿರುತ್ತದೆ.

ಕೊನೆಯ ಅರ್ಧ ಗಂಟೆಯಲ್ಲಿ ಎರಡು ಅಥವಾ ಮೂರು ಕೆಲಸಗಳನ್ನು ಮಾತ್ರ ಆರಿಸಿ, ಯಾರು ಮತ್ತು ಯಾವ ದಿನಾಂಕದೊಳಗೆ ಎಂಬುದನ್ನು ಬರೆದು ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ ದಾಖಲಿಸತಕ್ಕದ್ದು. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳ ಪೈಕಿ ನೀರಿನ ಸ್ವಾವಲಂಬನೆ, ಸ್ವಚ್ಛ ಮತ್ತು ಹಸಿರು ಗ್ರಾಮ ಎಂಬ ಎರಡರ ಅಡಿಯಲ್ಲಿ ಇವು ಸಲ್ಲುತ್ತವೆ. ಇಪ್ಪತ್ತು ಕೆಲಸಗಳ ಪಟ್ಟಿ ಮಾಡಿದರೆ ಒಂದೂ ಆಗುವುದಿಲ್ಲವೆಂಬುದು ಅನುಭವಿಗಳಿಗೆ ಹೇಳಬೇಕಾದ ಮಾತಲ್ಲ.

ಆ ಎರಡು ಮೂರರಲ್ಲಿ ಒಂದು ಕೊಳವೆಬಾವಿಗಳ ನೀರಿನ ಮಟ್ಟದ ಅಳತೆಯಾಗಿರಲಿ. ಬಿಗಿ ಮುಚ್ಚಳವಿರುವ, ಪಂಪು ಇಳಿಸದ ಒಂದು ಕೊಳವೆಬಾವಿಯನ್ನು ಪ್ರತಿ ಗ್ರಾಮದಲ್ಲಿ ಗುರುತಿಸಿ, ಮಟ್ಟ ಅಳೆಯುವ ಟೇಪನ್ನು ನೀರುಗಂಟಿಗೆ ಕೊಡಿಸಬೇಕು. ಅಳತೆ ಮುಗಿದೊಡನೆ ಮುಚ್ಚಳವನ್ನು ಮತ್ತೆ ಭದ್ರಪಡಿಸುವುದು ಕಡ್ಡಾಯ. ಮೊದಲ ಅಳತೆಯನ್ನು ಸ್ವಾತಿ ಮಳೆ ಮುಗಿದ ಬಳಿಕ ನವೆಂಬರಿನಲ್ಲಿ, ಎರಡನೆಯದನ್ನು ರೋಹಿಣಿಗೆ ಮುನ್ನ ಮೇ ತಿಂಗಳಿನಲ್ಲಿ ತೆಗೆದು, ನೀರುಗಂಟಿಯೇ ಅದನ್ನು ಸಾಮಾನ್ಯ ಸಭೆಯಲ್ಲಿ ಓದಿ ಹೇಳುವಂತೆ ವ್ಯವಸ್ಥೆ ಮಾಡಬಹುದಾಗಿದೆ.