ಮನೆಮಾತಿನ ಸ್ಥಳಾಂತರ: ಸಿಂಗಾನಲ್ಲೂರಿನಿಂದ ಪಡುವಣ ಕರಾವಳಿಗೆ

ಮಹಾನಗರದಲ್ಲಿ ನೆಲೆಸಿದ ಕುಟುಂಬವೊಂದು ಕರಾವಳಿಯ ಊರಿಗೆ ಮನೆ ಬದಲಿಸಲು ನಿರ್ಧರಿಸಿದಾಗ ಲೆಕ್ಕಕ್ಕೆ ಬರುವ ವಿಷಯಗಳು ಹಲವು: ಉದ್ಯೋಗ, ಬಾಡಿಗೆ, ಸೆಕೆ, ಮಳೆ, ಮಕ್ಕಳ ಶಾಲೆ, ಹಿರಿಯರ ಆರೋಗ್ಯ. ಮನೆಮಾತು ಈ ಪಟ್ಟಿಯಲ್ಲಿ ಸೇರುವುದು ಅಪರೂಪ. ಪಾತ್ರೆಪಗಡಗಳನ್ನು ಕಟ್ಟಬೇಕು, ಮಾತು ತಾನಾಗಿ ಜೊತೆಗೆ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ಮನೆಗಳು ಮಂಗಳೂರು ಅಥವಾ ಕಾಸರಗೋಡಿನ ಕಡೆಗೆ ಹೊರಟಾಗ ಈ ನಂಬಿಕೆ ಮತ್ತಷ್ಟು ಗಟ್ಟಿಯಾಗುತ್ತದೆ. ಕನ್ನಡ ನಾಡಿಗೇ ಹೋಗುತ್ತಿರುವಾಗ ಕನ್ನಡದ ಬಗ್ಗೆ ಚಿಂತೆಯೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ಭಾಷಾ ಅಲ್ಪಸಂಖ್ಯಾತರ ಅಧ್ಯಯನದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೊರಡುವ ನೆಲೆ

ಸಿಂಗಾನಲ್ಲೂರು ಕೊಯಮತ್ತೂರಿನ ಪೂರ್ವಕ್ಕೆ, ತಿರುಚಿ ರಸ್ತೆಯ ಮೇಲಿರುವ ಬಡಾವಣೆ. ನೊಯ್ಯಲ್ ನದಿಯ ನೀರನ್ನು ನಂಬಿದ ಅಲ್ಲಿನ ಕೆರೆ ಹಳೆಯದು. 1981ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆ ರಚನೆಯಾದಾಗ ಅದುವರೆಗೆ ಪ್ರತ್ಯೇಕ ಪುರಸಭೆಯಾಗಿದ್ದ ಸಿಂಗಾನಲ್ಲೂರು ಅದರಲ್ಲಿ ವಿಲೀನವಾಯಿತು. (ವರನಟ ರಾಜಕುಮಾರ್ ಅವರ ಹೆಸರಿನೊಡನೆ ಸೇರಿರುವ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆಯದು. ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದುದರಿಂದ ಹಳೆಯ ದಾಖಲೆಗಳನ್ನು ಓದುವವರು ಎರಡನ್ನೂ ಬೇರ್ಪಡಿಸಿಕೊಳ್ಳಬೇಕು.)

ಈ ಸೀಮೆಯಲ್ಲಿ ಕನ್ನಡ ಹೊಸದಾಗಿ ಬಂದ ಭಾಷೆಯಲ್ಲ. ನೇಯ್ಗೆಯ ದೇವಾಂಗರಲ್ಲಿ ಒಂದು ದೊಡ್ಡ ಭಾಗ, ಒಕ್ಕಲಿಗರು, ಅನುಪ್ಪರು ಮುಂತಾದ ಸಮುದಾಯಗಳು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನಾಡುತ್ತ ಬಂದಿವೆ. ವಿಜಯನಗರದ ಕಡೆಯಿಂದ ಬಂದೆವೆಂಬ ಐತಿಹ್ಯ ದೇವಾಂಗರಲ್ಲಿದೆ. ಅವರ ಚೌಡೇಶ್ವರಿ ಇಲ್ಲಿ ಸೌಡೇಶ್ವರಿ ಅಮ್ಮನ್ ಆಗಿದ್ದಾಳೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗುವವರೆಗೆ ಈ ಪ್ರದೇಶ ಮೈಸೂರಿನ ಆಳ್ವಿಕೆಯಲ್ಲಿತ್ತು. 1888ರಲ್ಲಿ ಆರಂಭವಾದ ನೂಲಿನ ಗಿರಣಿ, 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ದೊರೆತ ಜಲವಿದ್ಯುತ್ತು ಇವು ಕೊಯಮತ್ತೂರನ್ನು ಕೈಗಾರಿಕಾ ನಗರವನ್ನಾಗಿಸಿದವು. 2011ರ ಜನಗಣತಿಯಂತೆ ತಮಿಳುನಾಡಿನ ಜನಸಂಖ್ಯೆಯಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಶೇಕಡಾ 1.8ರಷ್ಟು. ನೀಲಗಿರಿಯ ಬಡಗ ನುಡಿಯನ್ನೂ ಜನಗಣತಿ ಕನ್ನಡದ ಅಡಿಯಲ್ಲೇ ಎಣಿಸುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಈ ಕನ್ನಡದ ಬಳಕೆಯ ವಲಯ ಸೀಮಿತವಾದುದು. ಅಡುಗೆಮನೆ, ಮಗ್ಗದ ಬಳಿ, ಮದುವೆಯ ಮಾತುಕತೆ, ಕುಲದೇವತೆಯ ಹಬ್ಬ ಇವುಗಳಲ್ಲಿ ಕನ್ನಡ. ಬೀದಿ, ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ತಮಿಳು. ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. ಓದುಬರಹಕ್ಕೆ ಸಂಬಂಧಿಸಿದ ಪದಗಳು ಬಹುಪಾಲು ತಮಿಳಿನಿಂದ ಬಂದಿವೆ. ಕನ್ನಡವನ್ನು ನಿರರ್ಗಳವಾಗಿ ಆಡುವವರಲ್ಲಿ ಅನೇಕರಿಗೆ ಕನ್ನಡ ಲಿಪಿ ಬಾರದು. ಒಟ್ಟಿನಲ್ಲಿ, ಸಿಂಗಾನಲ್ಲೂರಿನಂಥ ಕಡೆ ಕನ್ನಡವು ಮನೆಯೊಳಗೆ ಪೂರ್ಣ, ಮನೆಯ ಹೊರಗೆ ಶೂನ್ಯ.

2. ತಲುಪುವ ನೆಲೆಗಳು

ಕೊಯಮತ್ತೂರಿನಿಂದ ಪಾಲಕ್ಕಾಡು ಕಣಿವೆಯನ್ನು ದಾಟಿ, ಶೊರನೂರಿನಲ್ಲಿ ಬಡಗಣ ದಿಕ್ಕಿಗೆ ತಿರುಗಿ, ಕಡಲಂಚಿನಲ್ಲೇ ಸಾಗುವ ರೈಲುದಾರಿ ಸುಮಾರು 400 ಕಿಲೋಮೀಟರಿನಷ್ಟು ಉದ್ದ. 1907ರಲ್ಲಿ ಈ ದಾರಿ ಮಂಗಳೂರನ್ನು ಮುಟ್ಟಿತು. ಅದಕ್ಕೂ ಒಂದು ಶತಮಾನ ಮೊದಲು, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಕೊಯಮತ್ತೂರಿನಿಂದ ಪಾಲಕ್ಕಾಡಿಗೆ, ಅಲ್ಲಿಂದ ಮಲಬಾರಿನ ಮೂಲಕ ಕನ್ನಡ ಜಿಲ್ಲೆಗೆ ಪಯಣಿಸಿದ್ದನು. ಕೊಯಮತ್ತೂರು, ಮಲಬಾರು, ದಕ್ಷಿಣ ಕನ್ನಡ ಈ ಮೂರೂ ಮದರಾಸು ಆಡಳಿತದ ಜಿಲ್ಲೆಗಳಾಗಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮತ್ತು ದಕ್ಷಿಣ ಕನ್ನಡ ಮೈಸೂರಿಗೆ, ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದವು. ಕೊಯಮತ್ತೂರಿನ ಉಳಿದ ಭಾಗ ಮದರಾಸಿನಲ್ಲೇ ಉಳಿಯಿತು. ಒಂದೇ ಆಡಳಿತದ ಒಳಗಿನ ಪ್ರಯಾಣ ಅಂದಿನಿಂದ ಮೂರು ಭಾಷಾನೀತಿಗಳ ನಡುವಿನ ಪ್ರಯಾಣವಾಯಿತು.

ಮಂಗಳೂರಿನಲ್ಲಿ ಇಳಿದ ಕುಟುಂಬ ಮೊದಲು ಕಾಣುವುದು ಎಲ್ಲೆಡೆ ಕನ್ನಡ ಫಲಕಗಳನ್ನು. ಬಸ್ಸಿನ ಹಲಗೆ, ಪತ್ರಿಕೆ, ತಾಲ್ಲೂಕು ಕಚೇರಿಯ ಅರ್ಜಿ, ದೇವಸ್ಥಾನದ ರಶೀದಿ ಎಲ್ಲವೂ ಕನ್ನಡದಲ್ಲಿವೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇಲ್ಲಿಂದಲೇ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಆದರೆ ನೆರೆಮನೆಯ ಅಂಗಳದಲ್ಲಿ ಕೇಳುವುದು ತುಳು, ಕೊಂಕಣಿ, ಬ್ಯಾರಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ತುಳು ಮನೆಮಾತಿನವರ ಸಂಖ್ಯೆ ಕನ್ನಡ ಮನೆಮಾತಿನವರಿಗಿಂತ ಬಹಳ ಹೆಚ್ಚು. ತುಳುವರಿಗೆ ಕನ್ನಡ ಓದುಬರಹದ, ಸಭೆಯ, ಅಪರಿಚಿತರೊಡನೆ ಆಡುವ ಭಾಷೆ. ತುಳುವನ್ನು ಬರೆಯುವಾಗಲೂ ಇಂದು ಹೆಚ್ಚಾಗಿ ಬಳಸುವುದು ಕನ್ನಡ ಲಿಪಿಯನ್ನೇ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟು ಇದಕ್ಕೆ ನಿದರ್ಶನ.

ಹೀಗೆ ಮಂಗಳೂರಿನ ವ್ಯವಸ್ಥೆ ಸಿಂಗಾನಲ್ಲೂರಿನದಕ್ಕೆ ತಲೆಕೆಳಗಾದುದು. ಅಲ್ಲಿ ಒಳಗಿದ್ದು ಹೊರಗಿಲ್ಲದ ಕನ್ನಡ, ಇಲ್ಲಿ ಹೊರಗಿದ್ದು ಬಹುಪಾಲು ಮನೆಗಳ ಒಳಗಿಲ್ಲ. ತಮಿಳುನಾಡಿನಿಂದ ಬಂದ ಮಗು ಬೀದಿಯಲ್ಲಿ ಆಡಲು ಕಲಿಯಬೇಕಾದುದು ತುಳುವನ್ನು. ಶಾಲೆಯಲ್ಲಿ ಎದುರಾಗುವುದು ಬರಹದ ಕನ್ನಡ. ಮನೆಯಲ್ಲಿ ಅಜ್ಜಿ ಆಡುವ ಕನ್ನಡ ಈ ಎರಡಕ್ಕೂ ಸೇರದು. ಅಜ್ಜಿಯ ಮಾತಿನಲ್ಲಿರುವ ತಮಿಳು ಪದಗಳನ್ನು ಕೇಳಿ ಸಹಪಾಠಿಗಳು ನಗಬಹುದು. ‘ಎಂತ’, ‘ಉಂಟು’ ಎಂಬ ಕರಾವಳಿಯ ರೂಪಗಳು ಮಗುವಿಗೆ ವಿಚಿತ್ರವೆನಿಸಬಹುದು. ಕೆಲವೇ ತಿಂಗಳಲ್ಲಿ ಮಗು ಮನೆಮಾತನ್ನು ‘ತಪ್ಪು ಕನ್ನಡ’ ಎಂದು ಎಣಿಸತೊಡಗುವ ಅಪಾಯವಿದೆ. ತಮಿಳರ ನಡುವೆ ತಲೆಮಾರುಗಳ ಕಾಲ ಉಳಿದ ನುಡಿ ಕನ್ನಡಿಗರ ನಡುವೆ ಒಂದೇ ತಲೆಮಾರಿನಲ್ಲಿ ನಾಚಿಕೆಯಿಂದ ಅಳಿಯಬಹುದು.

ಕಾಸರಗೋಡಿನ ಸ್ಥಿತಿ ಮೂರನೆಯ ಬಗೆಯದು. ರಾಜ್ಯಭಾಷೆ ಮಲಯಾಳಂ; ಚಂದ್ರಗಿರಿ ಹೊಳೆಯ ಉತ್ತರಕ್ಕೆ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಹವ್ಯಕರ ಮನೆಗಳಲ್ಲಿ ಕನ್ನಡದ ಒಂದು ಪ್ರಭೇದವೇ ಮನೆಮಾತು. ಅದೂ ಪಠ್ಯಪುಸ್ತಕದ ಕನ್ನಡಕ್ಕಿಂತ ಬಹಳ ಭಿನ್ನ. ಮನೆಯ ಕನ್ನಡ ಬೇರೆ, ಶಾಲೆಯ ಕನ್ನಡ ಬೇರೆ ಎಂಬುದನ್ನು ಸಹಜವಾಗಿ ಒಪ್ಪಿಕೊಂಡ ಸಮಾಜವಾದ್ದರಿಂದ, ಸಿಂಗಾನಲ್ಲೂರಿನ ನುಡಿ ಇಲ್ಲಿ ಕಡಿಮೆ ಮುಜುಗರಕ್ಕೆ ಒಳಗಾದೀತು. ತುಳು, ಮಲಯಾಳಂ ಊರುಗಳ ನಡುವೆಯೂ ಯಕ್ಷಗಾನ, ತಾಳಮದ್ದಳೆಗಳು ಶಿಷ್ಟ ಕನ್ನಡವನ್ನು ಕಿವಿಗೆ ತಲುಪಿಸುತ್ತವೆ. ಶಾಲೆಯ ಹೊರಗೆ ಹೀಗೆ ಕನ್ನಡ ಕೇಳಸಿಗುವುದು ಹೊಸದಾಗಿ ಬಂದ ಮಗುವಿಗೆ ಸಣ್ಣ ಲಾಭವಲ್ಲ. ಆದರೆ ಇಲ್ಲಿ ಕನ್ನಡ ಹೋರಾಡಿ ಉಳಿಸಿಕೊಳ್ಳಬೇಕಾದ ಹಕ್ಕು. ಈ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಶಾಸನಕ್ಕೆ, ಕನ್ನಡ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕಕ್ಕೆ ಇಲ್ಲಿ ವಿರೋಧ ವ್ಯಕ್ತವಾಯಿತು.

3. ಕಾನೂನು ಏನನ್ನು ಕೊಡುತ್ತದೆ

ಏಳನೆಯ ತಿದ್ದುಪಡಿಯ ಮೂಲಕ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆಗೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಇದಕ್ಕೂ ಮೊದಲೇ, 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅಂಥ ಬೋಧನೆಗೆ ಅಧ್ಯಾಪಕರನ್ನು ಒದಗಿಸಬೇಕೆಂಬ ಸೂತ್ರವನ್ನು ನಿಗದಿಪಡಿಸಿತ್ತು. ಸೂತ್ರ ಸಮುದಾಯವನ್ನು ಎಣಿಸುತ್ತದೆ. ಸ್ಥಳಾಂತರಗೊಳ್ಳುವುದು ಒಂಟಿ ಕುಟುಂಬ. ಎರಡು ಮಕ್ಕಳ ಮನೆಯೊಂದು ಹತ್ತರ ಗಡಿಯನ್ನು ಎಲ್ಲಿಯೂ ಮುಟ್ಟಲಾರದು. ಈಗಾಗಲೇ ಕನ್ನಡ ತರಗತಿಗಳಿರುವ ಊರನ್ನು ಆರಿಸಿಕೊಂಡಾಗ ಮಾತ್ರ ಈ ಹಕ್ಕು ಕೈಗೆ ಸಿಗುತ್ತದೆ.

ಸ್ಥಾನಮಾನವೂ ಗಡಿಯೊಂದಿಗೆ ಬದಲಾಗುತ್ತದೆ. ತಮಿಳುನಾಡಿನಲ್ಲಿ ಭಾಷಾ ಅಲ್ಪಸಂಖ್ಯಾತವಾಗಿದ್ದ ಮಗು ಕಾಸರಗೋಡಿನಲ್ಲೂ ಅಲ್ಪಸಂಖ್ಯಾತ; ಮಂಗಳೂರಿನಲ್ಲಿ ಅದು ರಾಜ್ಯಭಾಷೆಯ ಮಗು. ಅಕ್ಷರ ಬಾರದಿದ್ದರೂ ‘ಮಾತೃಭಾಷೆ ಕನ್ನಡ’ ಎಂದು ದಾಖಲಾದ ಮೇಲೆ ಅದಕ್ಕೆ ವಿಶೇಷ ನೆರವು ಬೇಕೆಂಬುದು ಯಾರ ಗಮನಕ್ಕೂ ಬಾರದೆ ಹೋಗಬಹುದು. 2006ರ ತಮಿಳು ಕಲಿಕಾ ಶಾಸನವು ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಹತ್ತನೆಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕಾ ಶಾಸನ ಕನ್ನಡಕ್ಕೆ ಅಂಥದೇ ಸ್ಥಾನ ಕೊಟ್ಟಿತು. ಎರಡು ಶಾಸನಗಳೂ ತಂತಮ್ಮ ರಾಜ್ಯದಲ್ಲಿ ಮೊದಲಿನಿಂದ ಓದುವ ಮಗುವನ್ನು ಕಣ್ಣಮುಂದಿರಿಸಿಕೊಂಡವು. ಏಳನೆಯ ತರಗತಿಯ ನಡುವೆ ಗಡಿ ದಾಟುವ ಮಗು ಅವುಗಳ ಸಂದಿಯಲ್ಲಿ ಬೀಳುತ್ತದೆ.

ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯಾಗಿ ಕನ್ನಡವಲ್ಲದೆ ಇಂಗ್ಲಿಷ್, ತಮಿಳು ಮುಂತಾದವುಗಳಿಗೂ ಅವಕಾಶವಿದೆ. ಅಂಕಗಳ ಭಯದಿಂದ ಪೋಷಕರು ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ, ಕನ್ನಡವನ್ನು ದ್ವಿತೀಯ ಭಾಷೆಯಾಗಿ ಆರಿಸುವುದು ಅಸಹಜವಲ್ಲ. ಮಾತೃಭಾಷೆ ಯಾವುದೆಂದು ನಿರ್ಧರಿಸುವ ಹಕ್ಕು ಪೋಷಕರದೆಂದು, ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ರಾಜ್ಯ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪಿತ್ತಿದೆ. ಆಯ್ಕೆಯ ಹೊಣೆ ಮನೆಯದೇ ಆಗಿರುವುದರಿಂದ ಆ ಆಯ್ಕೆಗೆ ತಿಳಿವಳಿಕೆ ಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಪ್ರಕರಣ ಉಪಯುಕ್ತವಾದುದು. ರಾಜ್ಯದ ಒಳಗಾಗಲಿ ಹೊರಗಾಗಲಿ, ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾದ ಮಗುವಿಗೆ ಎಂಟನೆಯ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆಯ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಸಾಧ್ಯವಿದ್ದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದೂ ಅದೇ ಕಾಯಿದೆ ಹೇಳುತ್ತದೆ.

4. ಲಿಪಿ ಎಂಬ ಸೇತುವೆ

ಶಾಲಾ ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳುಗಳು ಸ್ಥಳಾಂತರಕ್ಕೆ ಒದಗುವ ಕಾಲ. ಈ ಅವಧಿಯಲ್ಲಿ ಮಗುವಿಗೆ ಕನ್ನಡ ಲಿಪಿಯನ್ನು ಕಲಿಸುವುದು ಅಸಾಧ್ಯವಲ್ಲ. ಎಲ್ಲಿ ಸುಲಭ, ಎಲ್ಲಿ ಕಷ್ಟ ಎಂಬುದನ್ನು ಮೊದಲೇ ಅರಿತಿರಬೇಕು. ತಮಿಳು ಲಿಪಿಯಲ್ಲಿ 12 ಸ್ವರಗಳು, 18 ವ್ಯಂಜನಗಳು. ಕ, ಗ ಎರಡಕ್ಕೂ ಒಂದೇ ಅಕ್ಷರ. ಕನ್ನಡ ವರ್ಣಮಾಲೆಯಲ್ಲಿ ಯೋಗವಾಹಗಳೂ ಸೇರಿ 49 ಅಕ್ಷರಗಳು, ಅವುಗಳಲ್ಲಿ ವ್ಯಂಜನಗಳು 34. ಸಿಂಗಾನಲ್ಲೂರಿನ ಕನ್ನಡ ಮಗು ‘ಕಾಲು’, ‘ಗಾಳಿ’ಗಳ ಮೊದಲ ಧ್ವನಿಯನ್ನು ಮಾತಿನಲ್ಲಿ ಬೇರ್ಪಡಿಸುತ್ತಲೇ ಬೆಳೆದಿರುತ್ತದೆ. ಆದ್ದರಿಂದ ಕ–ಗ, ಪ–ಬ, ತ–ದ ಜೋಡಿಗಳು ಅದಕ್ಕೆ ಬೇಗ ಹಿಡಿಯುತ್ತವೆ. ಬಾಯಲ್ಲಿದ್ದ ಭೇದಕ್ಕೆ ಕಣ್ಣಿಗೊಂದು ಗುರುತು ದೊರೆತಂತಾಗುತ್ತದೆ. ಮನೆಮಾತಿನಲ್ಲಿ ವಿರಳವಾದ ಮಹಾಪ್ರಾಣಗಳು ನಿಧಾನ. ತಮಿಳಿನಲ್ಲಿ ಮೇಲೊಂದು ಚುಕ್ಕಿಯಿಟ್ಟು ಮುಗಿಸುವ ಕಡೆ ಕನ್ನಡದಲ್ಲಿ ಕೆಳಗೆ ಬರೆಯಬೇಕಾದ ಒತ್ತಕ್ಷರಗಳು ಎಲ್ಲಕ್ಕಿಂತ ಕಷ್ಟ. ಅಧ್ಯಾಪಕರು ಮೊದಲ ವರ್ಷದ ಕಾಗುಣಿತದ ತಪ್ಪುಗಳನ್ನು ಈ ಬೆಳಕಿನಲ್ಲಿ ನೋಡಿದರೆ ಮಗುವನ್ನು ‘ದಡ್ಡ’ ಎನ್ನುವ ಪ್ರಸಂಗ ಬರುವುದಿಲ್ಲ.

ಪಠ್ಯಪುಸ್ತಕದಿಂದ ಆರಂಭಿಸುವುದಕ್ಕಿಂತ ಮನೆಯ ಮಾತನ್ನೇ ಬರೆಸುವುದು ಮೇಲು. ಅಜ್ಜಿ ಹೇಳುವ ಅಡುಗೆಯ ಕ್ರಮ, ನೆಂಟರ ಹೆಸರುಗಳು, ಹಬ್ಬದ ಸಾಮಾನಿನ ಪಟ್ಟಿ ಇವನ್ನು ಅವರು ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದಾಗ ಎರಡು ಕೆಲಸಗಳಾಗುತ್ತವೆ. ಮಗುವಿಗೆ ಅಕ್ಷರ ಒಲಿಯುತ್ತದೆ. ಇದುವರೆಗೆ ಬರಹವನ್ನೇ ಕಾಣದ ನುಡಿಯೊಂದಕ್ಕೆ ಬರಹದ ಗೌರವ ಸಿಗುತ್ತದೆ. ಪಠ್ಯದ ಕನ್ನಡ ಅದರ ಪಕ್ಕದಲ್ಲಿ ಇನ್ನೊಂದು ಕನ್ನಡವಾಗಿ ಬಂದು ಕೂರುತ್ತದೆ, ಅದನ್ನು ಅಳಿಸುವುದಿಲ್ಲ.

5. ಸಂಶೋಧಕರಿಗೆ ಉಳಿಯುವ ಕೆಲಸ

ಭಾಷಾಪಲ್ಲಟವನ್ನು ಹಿಮ್ಮೆಟ್ಟಿಸುವ ಕುರಿತು 1991ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜೋಶುವಾ ಫಿಶ್‌ಮನ್ ಎಂಟು ಹಂತಗಳನ್ನು ಗುರುತಿಸಿ, ಮನೆ ಮತ್ತು ನೆರೆಹೊರೆಯಲ್ಲಿ ನಡೆಯುವ ತಲೆಮಾರಿನ ವರ್ಗಾವಣೆಯನ್ನು ನಿರ್ಣಾಯಕವೆಂದು ಕರೆದನು. ಸರ್ಕಾರ, ಶಾಲೆ, ಮಾಧ್ಯಮಗಳ ಬೆಂಬಲ ಎಷ್ಟಿದ್ದರೂ ಈ ಹಂತ ಕುಸಿದರೆ ನುಡಿ ನಿಲ್ಲದು ಎಂಬುದು ಅವನ ವಾದ. ಸಿಂಗಾನಲ್ಲೂರಿನ ಕುಟುಂಬಕ್ಕೆ ಅನ್ವಯಿಸಿದರೆ ಇದರ ಅರ್ಥ ಸ್ಪಷ್ಟ: ತಮಿಳುನಾಡಿನಲ್ಲಿ ಅದಕ್ಕೆ ನಿರ್ಣಾಯಕ ಹಂತ ಇತ್ತು, ಉಳಿದವು ಇರಲಿಲ್ಲ. ಕರಾವಳಿಯಲ್ಲಿ ಉಳಿದವೆಲ್ಲ ದೊರೆಯುತ್ತವೆ, ಆದರೆ ಬಂಧುಬಳಗದ ನೆರೆಹೊರೆ ಹಿಂದೆ ಉಳಿಯುತ್ತದೆ. ಫೋನಿನ ಮಾತು, ಹಬ್ಬಕ್ಕೆ ಹಿಂದಿರುಗುವ ರೂಢಿ, ಹಿರಿಯರನ್ನು ಜೊತೆಗಿರಿಸಿಕೊಳ್ಳುವುದು ಇವು ಆ ನಷ್ಟವನ್ನು ಭಾಗಶಃ ತುಂಬಬಲ್ಲವು.

ಗಡಿನಾಡಿನ ಕನ್ನಡವನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ನೆಲೆನಿಂತ ಸಮುದಾಯಗಳನ್ನು ನೋಡುತ್ತವೆ. ಊರು ಬಿಟ್ಟ ಮನೆಗಳನ್ನು, ಅದರಲ್ಲೂ ಕನ್ನಡದ ಕಡೆಗೇ ಬಂದ ಕನ್ನಡ ಮನೆಗಳನ್ನು ಹಿಂಬಾಲಿಸುವುದು ಆಗಬೇಕಾದ ಕೆಲಸ. ಹೊರಡುವ ಮೊದಲು ಹಿರಿಯರ ಮಾತನ್ನು ಧ್ವನಿಮುದ್ರಿಸಿ, ಎರಡು ಮತ್ತು ಐದು ವರ್ಷಗಳ ಬಳಿಕ ಅದೇ ಮನೆಯ ಮಕ್ಕಳ ಮಾತನ್ನು ಮತ್ತೆ ಮುದ್ರಿಸಿದರೆ, ಪ್ರಮಾಣ ಕನ್ನಡದ ಒತ್ತಡದಲ್ಲಿ ಯಾವ ರೂಪಗಳು ಮೊದಲು ಹೋಗುತ್ತವೆ, ಯಾವುವು ಉಳಿಯುತ್ತವೆ ಎಂಬುದು ತಿಳಿಯುತ್ತದೆ. ತಮಿಳಿನ ಒತ್ತಡದಲ್ಲಿ ಆದ ಬದಲಾವಣೆಯೊಂದಿಗೆ ಅದನ್ನು ಹೋಲಿಸಬಹುದು. ಅಲ್ಲಿಯವರೆಗೆ, ಮನೆ ಬದಲಿಸುವವರ ಪಟ್ಟಿಯಲ್ಲಿ ಬಾಡಿಗೆ ಮತ್ತು ಶಾಲೆಯ ಜೊತೆಗೆ ಮನೆಮಾತಿಗೂ ಒಂದು ಸಾಲು ಇರಲಿ ಎಂದು ಹೇಳುವುದಷ್ಟೇ ನಮ್ಮಿಂದ ಸಾಧ್ಯ.