ಹಾಸಿಗೆ ಹಿಡಿದವರ ಮನೆಯಲ್ಲಿ ಕೊರೊನಾ: ನಂಬಿದ್ದೇನು, ನಿಜವೇನು

ನೊಣವಿನಕೆರೆ ಸುತ್ತಿನ ಊರುಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಸಂಬಳ ಕೊಟ್ಟು ಜನ ಇಡುವ ಮನೆ ಅಪರೂಪ. ಆ ಕೆಲಸ ಸೊಸೆಯದು, ಹೆಂಡತಿಯದು, ತವರಿನಲ್ಲೇ ಉಳಿದ ಮಗಳದು. ಡೇರಿಗೆ ಹಾಲು ಹಾಕಿ ಬಂದು, ತೋಟದ ಮೋಟಾರ್ ಹಾಕಿ, ಅದರ ನಡುವೆಯೇ ಅತ್ತೆಯ ಮೈ ಒರೆಸಿ, ಮಾವನಿಗೆ ಸಕ್ಕರೆ ಕಾಯಿಲೆ ಮಾತ್ರೆ ಕೊಡುವವರು ಅವರು. ಕೊರೊನಾ ಬಗ್ಗೆ ಊರಲ್ಲಿ ಬೇರು ಬಿಟ್ಟಿರುವ ತಪ್ಪು ತಿಳಿವಳಿಕೆ ಎಲ್ಲರಿಗಿಂತ ಹೆಚ್ಚು ಕಾಡುವುದು ಇವರನ್ನು, ಮತ್ತು ಇವರ ಕೈಯಲ್ಲಿರುವ ಹಿರಿಯ ಜೀವಗಳನ್ನು.

"ಅದೆಲ್ಲ ಮುಗಿದೋಯ್ತಲ್ಲ, ಈಗ್ಯಾಕೆ ಆ ಮಾತು?" ಎನ್ನುವವರಿದ್ದಾರೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊನೆಗೊಳಿಸಿದ್ದು ಜಾಗತಿಕ ತುರ್ತುಸ್ಥಿತಿಯನ್ನು ಮಾತ್ರ. ವೈರಸ್ ಉಳಿದೇ ಇದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜೆಎನ್.1 ತಳಿ ಬಂದಾಗ, 2025ರ ಮೇ ತಿಂಗಳಲ್ಲಿ ಪ್ರಕರಣಗಳು ಮತ್ತೆ ಏರಿದಾಗ, ಹಿರಿಯರೂ ಗರ್ಭಿಣಿಯರೂ ಮಾಸ್ಕ್ ಹಾಕಬೇಕೆಂದು ಕರ್ನಾಟಕ ಸರ್ಕಾರ ಸೂಚಿಸಿತು. ಗಟ್ಟಿ ಮೈಯವರಿಗೆ ನಾಲ್ಕು ದಿನದ ನೆಗಡಿಯಾಗಿ ಹೋಗುವುದು ಎಂಬತ್ತು ದಾಟಿದವರಿಗೆ, ಲಕ್ವ ಹೊಡೆದು ಮಲಗಿದವರಿಗೆ ನ್ಯುಮೋನಿಯಾ ಆಗಬಹುದು.

"ಮನೆಯೋರಿಂದ ಏನಾಗುತ್ತೆ? ನಮ್ಮತ್ತೆಗೆ ಮಾಸ್ಕ್ ಹಾಕ್ಕಂಡು ಊಟ ಕೊಡಾಕಾಗುತ್ತಾ?"

ಈ ಸಂಕೋಚ ಅರ್ಥವಾಗುವಂಥದ್ದು. ಮುಖ ಮುಚ್ಚಿಕೊಂಡು ಹತ್ತಿರ ಹೋದರೆ ಹಿರಿಯರು ನೊಂದುಕೊಳ್ಳುತ್ತಾರೆ. ಆದರೆ ಈ ರೋಗ ಮೊದಲು ಹಿಡಿಯುವುದೇ ಹತ್ತಿರದವರನ್ನು. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್ 10ರಂದು, ಕಲಬುರಗಿಯ 76 ವರ್ಷದ ಹಿರಿಯರೊಬ್ಬರದು. ಹೆಚ್ಚು ದಿನ ಕಳೆಯುವ ಮೊದಲೇ ಅವರ ಮನೆಯವರೊಬ್ಬರಿಗೂ, ಮನೆಗೆ ಬಂದು ಚಿಕಿತ್ಸೆ ಕೊಟ್ಟಿದ್ದ ವೈದ್ಯರಿಗೂ ಸೋಂಕು ದೃಢಪಟ್ಟಿತು. ನಮ್ಮ ಜಿಲ್ಲೆಯ ಮೊದಲ ಸಾವು ಅದೇ ಮಾರ್ಚ್ 27ರಂದು, ಶಿರಾದ ಹಿರಿಯರೊಬ್ಬರದು.

ದಾರಿ ಎರಡೂ ಕಡೆಗಿದೆ. ಮಂಚ ಬಿಟ್ಟು ಏಳದ ಅಜ್ಜಿ ಸಂತೆಗೆ ಹೋಗುವುದಿಲ್ಲ, ಕೊಬ್ಬರಿ ಹರಾಜಿಗೆಂದು ತಿಪಟೂರಿಗೂ ಹೋಗುವುದಿಲ್ಲ. ಅವರ ಬಳಿಗೆ ವೈರಸ್ ಬಂದರೆ ತುತ್ತು ತಿನ್ನಿಸುವವರ ಉಸಿರಿನಲ್ಲೇ ಬರಬೇಕು. ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಅದು ಹರಡತೊಡಗುತ್ತದೆ. ಹಾಗಾಗಿ ಗಂಟಲು ಕೆರೆದ ದಿನವೇ, ಅಥವಾ ಮನೆಗೆ ಬಂದ ನೆಂಟರಿಗೆ ಜ್ವರ ಎಂದು ತಿಳಿದ ದಿನವೇ, ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚುವ ಎನ್-95 ಹಾಕಿಕೊಳ್ಳಿ. ಕವಾಟ ಇರುವ ಮಾಸ್ಕ್ ಬೇಡ, ಅದು ಹಾಕಿಕೊಂಡವರ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ಉಸಿರಾಟಕ್ಕೆ ಕಷ್ಟಪಡುವ, ತಾವಾಗಿ ಮಾಸ್ಕ್ ತೆಗೆಯಲಾಗದ ರೋಗಿಗೆ ಮಾತ್ರ ಮಾಸ್ಕ್ ಕಟ್ಟಲೇಬಾರದು.

"ಕಿಟಕಿ ಮುಚ್ಚಿ, ಗಾಳಿ ತಾಗಿದ್ರೆ ಶೀತ ಏರುತ್ತೆ"

ನನ್ನ ಪ್ರಕಾರ ಮನೆ ಆರೈಕೆಯಲ್ಲಿ ಅತಿ ಹೆಚ್ಚು ಹಾನಿ ಮಾಡಿದ ನಂಬಿಕೆ ಇದು. ಹಳೆಯ ಮನೆಗಳ ಒಳಕೋಣೆ ಮೊದಲೇ ಕತ್ತಲು, ಮೇಲೆ ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ. ಜ್ವರ ಬಂದವರನ್ನು ಅಲ್ಲಿ ಮಲಗಿಸಿ, ಬಾಗಿಲು ಹಾಕಿ, ಕಂಬಳಿ ಹೊದಿಸುತ್ತಾರೆ. ಕೊರೊನಾ ವೈರಸ್ ಹರಡುವುದು ಬಹುಪಾಲು ಗಾಳಿಯಲ್ಲೇ. ಸೋಂಕಿತರು ಉಸಿರಾಡಿದಾಗ, ಮಾತಾಡಿದಾಗ ಹೊರಬರುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬೀಡಿ ಹೊಗೆಯ ಹಾಗೆ ಗಂಟೆಗಟ್ಟಲೆ ತೇಲುತ್ತವೆ. ಮೂರಡಿ ದೂರ ಕೂತರೂ ಅದೇ ಗಾಳಿ ನಿಮ್ಮೊಳಗೆ ಹೋಗುತ್ತದೆ. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಇದು ಗಾಳಿಯಲ್ಲಿ ಹರಡುವುದಿಲ್ಲ ಎಂದಿತ್ತು, ಆ ಮಾತನ್ನು ಆಮೇಲೆ ಬದಲಿಸಿತು. ಅಷ್ಟರಲ್ಲಿ ಬೀದಿಗೆ ಔಷಧಿ ಸಿಂಪಡಿಸುವುದು, ತರಕಾರಿ ತೊಳೆಯುವುದು ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕೈ ತೊಳೆಯುವುದು ಒಳ್ಳೆಯದೇ, ಮಲಮೂತ್ರ ಬಳಿಯುವವರಿಗೆ ಇನ್ನೂ ಅಗತ್ಯ. ಗಾಳಿಯಲ್ಲಿರುವುದನ್ನು ಮಾತ್ರ ಅದು ತಡೆಯುವುದಿಲ್ಲ.

ರೋಗಿಯನ್ನು ಒಳಕೋಣೆಯಿಂದ ಪಡಸಾಲೆಗೋ, ಎದುರುಬದುರು ಕಿಟಕಿ ಇರುವ ಜಾಗಕ್ಕೋ ತನ್ನಿ. ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗಬೇಕು. ಚಳಿಯಾದರೆ ಇನ್ನೊಂದು ಹೊದಿಕೆ ಹೊದಿಸಿ, ಕಿಟಕಿ ಮುಚ್ಚಬೇಡಿ. ಫ್ಯಾನನ್ನು ರೋಗಿಯ ಉಸಿರು ನಿಮ್ಮ ಮುಖಕ್ಕೆ ಬಡಿಯದ ಹಾಗೆ, ಗಾಳಿ ಕಿಟಕಿಯತ್ತ ಹೋಗುವ ಹಾಗೆ ತಿರುಗಿಸಿ. ಮೈ ಒರೆಸುವಾಗ, ಬಟ್ಟೆ ಬದಲಿಸುವಾಗ ಹತ್ತಿರ ಹೋಗಲೇಬೇಕಲ್ಲ, ಬೇಕಾದ್ದನ್ನೆಲ್ಲ ಮೊದಲೇ ಜೋಡಿಸಿಟ್ಟುಕೊಂಡರೆ ಹತ್ತಿರ ಇರುವ ಹೊತ್ತು ಕಡಿಮೆಯಾಗುತ್ತದೆ.

ಇದಕ್ಕೆ ಸೇರಿಕೊಂಡಂತೆ ಹೊಗೆಯ ನಂಬಿಕೆಯೂ ಇದೆ. ಚಿಪ್ಪಿನ ಕೆಂಡದ ಮೇಲೆ ಸಾಂಬ್ರಾಣಿ, ಬೇವಿನ ಸೊಪ್ಪು ಹಾಕಿ ಹೊಗೆ ಹಿಡಿದರೆ ವೈರಸ್ ಸಾಯುತ್ತದೆ ಎನ್ನುವುದು ನಿಜವಲ್ಲ. ಆ ಹೊಗೆ ಸೊರಗಿದ ಶ್ವಾಸಕೋಶಕ್ಕೆ ಇನ್ನಷ್ಟು ಏಟು. ಅಸ್ತಮಾ ಇರುವವರ ಕೋಣೆಗೆ ಅದನ್ನು ತರಲೇಬೇಡಿ. ಬಿಸಿ ನೀರಿನ ಹಬೆ ಕಟ್ಟಿದ ಮೂಗಿಗೆ ಸ್ವಲ್ಪ ಹಿತ ಕೊಡಬಹುದು, ವೈರಸನ್ನು ಕೊಲ್ಲುವುದಿಲ್ಲ. ಕೈ ನಡುಗುವ ಹಿರಿಯರ ಮುಂದೆ ಕುದಿಯುವ ಪಾತ್ರೆ ಇಟ್ಟರೆ ಮೈ ಬೇಯುವ ಅಪಾಯ. 2021ರ ಏಪ್ರಿಲ್‌ನಲ್ಲಿ ರಾಜ್ಯದಲ್ಲೆಲ್ಲ ಹಬ್ಬಿದ, ಮೂಗಿಗೆ ನಿಂಬೆರಸ ಬಿಡುವ ಸಲಹೆಗೂ ಯಾವ ಆಧಾರವಿಲ್ಲ.

"ಎಳನೀರು ಕೊಟ್ಟಷ್ಟೂ ಒಳ್ಳೇದು"

ತೆಂಗಿನ ನಾಡಿನಲ್ಲಿ ಇದನ್ನು ಪ್ರಶ್ನಿಸುವುದು ಕಷ್ಟ, ಆದರೂ ಹೇಳಲೇಬೇಕು. ಜ್ವರದಲ್ಲಿ ಬಾಯಾರಿದವರಿಗೆ ಎಳನೀರು ಒಳ್ಳೆಯದೇ. ಆದರೆ ಒಂದು ಲೋಟದಲ್ಲಿ ಹೆಚ್ಚುಕಡಿಮೆ 400ರಿಂದ 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರ ದೇಹ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಬಿ.ಪಿ.ಗೆ, ಹೃದಯಕ್ಕೆ ಕೊಡುವ ಎನಲಾಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಲ್ಲವು. ಅಂಥವರಿಗೆ ದಿನಕ್ಕೆ ಎಷ್ಟು ಕೊಡಬಹುದೆಂದು ಡಾಕ್ಟರನ್ನು ಕೇಳಿಯೇ ಕೊಡಿ. ಭೇದಿಯಾಗುತ್ತಿದ್ದರೆ ಎಳನೀರು ಸಾಲದು, ಅದರಲ್ಲಿ ಸೋಡಿಯಂ ಕಡಿಮೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕದಡಿ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ತಲೆತಟ್ಟಿ ಅಳೆದು ಹಾಕಿ. ಕೊಬ್ಬರಿ ಎಣ್ಣೆ ಮೂಗಿಗೆ ಹಚ್ಚಿದರೆ ಸೋಂಕು ತಗಲುವುದಿಲ್ಲ ಎಂಬುದಕ್ಕೂ ಆಧಾರವಿಲ್ಲ.

"ಒಂದು ಇಂಜೆಕ್ಷನ್ ಹಾಕ್ಸಿದ್ರೆ ಎದ್ದು ಕೂರ್ತಾರೆ" ಎಂಬ ಆತುರದ ಹಿಂದೆ ಸಾಮಾನ್ಯವಾಗಿ ಇರುವುದು ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿದ್ದು ಇಷ್ಟು: ವೆಂಟಿಲೇಟರ್‌ನಲ್ಲಿದ್ದವರ ಸಾವು ಅದರಿಂದ ಮೂರನೇ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು, ಆಮ್ಲಜನಕ ಬೇಕಿರದವರಿಗೆ ಲಾಭವಾಗಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಕಣ್ಣು, ದವಡೆ ಕಿತ್ತುಕೊಂಡ ಕಪ್ಪು ಶಿಲೀಂಧ್ರಕ್ಕೆ ಅಂಕೆ ಮೀರಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟೀರಾಯ್ಡ್ ದೊಡ್ಡ ಕಾರಣವಾದವು. ಪಕ್ಕದ ಮನೆಯವರ ಹಳೆಯ ಚೀಟಿ ತೋರಿಸಿ ಮಾತ್ರೆ ತರಬೇಡಿ.

"ಜ್ವರ ಇಲ್ಲ, ಹಾಗಾಗಿ ಕೊರೊನಾ ಅಲ್ಲ" ಎನ್ನುವುದೂ ಹಿರಿಯರ ವಿಷಯದಲ್ಲಿ ಸುಳ್ಳಾಗುತ್ತದೆ. ಅವರಿಗೆ ಮೈ ಬಿಸಿಯಾಗದೆ ಇರಬಹುದು. ಊಟ ಬಿಡುತ್ತಾರೆ, ಹಗಲೆಲ್ಲ ಮಂಪರಿನಲ್ಲಿರುತ್ತಾರೆ, ಮನೆಯವರ ಗುರುತು ಹಿಡಿಯಲು ತಡವರಿಸುತ್ತಾರೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳನ್ನು ಬೆಚ್ಚಗೆ ಮಾಡಿ, ಗೋರಂಟಿಯೋ ಬಣ್ಣವೋ ಇಲ್ಲದ ಉಗುರಿಗೆ ಹಾಕಿ ನೋಡಿ. ಒಂದು ಗಂಟೆಯೊಳಗೆ ಮೂರು ಸಲ 93 ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ, ನಿಮಿಷಕ್ಕೆ 24 ಸಲ ಅಥವಾ ಹೆಚ್ಚು ಉಸಿರಾಡುತ್ತಿದ್ದರೆ, ಎದೆ ಹಿಡಿದರೆ, ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಬಾಯಾರಿಕೆ, ಸುಸ್ತು ಏನೂ ಹೇಳಿಕೊಳ್ಳದೆಯೇ ಆಮ್ಲಜನಕ ಇಳಿದವರನ್ನು ಎರಡನೇ ಅಲೆಯಲ್ಲಿ ಕಂಡಿದ್ದೇವೆ.

"ಮನೆಯೋರು ಮಾಡೋದು ಕರ್ತವ್ಯ, ಅದನ್ನ ಯಾರು ಲೆಕ್ಕಕ್ಕೆ ತಗೋತಾರೆ?"

ಕಾನೂನು ತೆಗೆದುಕೊಂಡಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆರೈಕೆದಾರರು ಯಾರೆಂದು ಹೇಳುವಾಗ ತಂದೆತಾಯಿ ಮತ್ತು ಮನೆಯವರನ್ನೂ, ಹಣ ಪಡೆದೋ ಪಡೆಯದೆಯೋ ನೋಡಿಕೊಳ್ಳುವ ಯಾರನ್ನಾದರೂ ಸೇರಿಸುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಶುರುವಾದಾಗ, ಅಂಗವಿಕಲರ ಆರೈಕೆದಾರರು ಅವರ ಬಳಿಗೆ ಹೋಗಲು ವಿನಾಯಿತಿ ಅಥವಾ ಪಾಸ್ ಕೊಡಬೇಕೆಂದು ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ ರಾಜ್ಯಗಳಿಗೆ ಮಾರ್ಗಸೂಚಿ ಕಳಿಸಿತ್ತು.

ಮನೆಯೊಳಗೆ ಮಾತ್ರ ಲೆಕ್ಕ ಬೇರೆ. ಸೊಸೆಗೆ ಜ್ವರ ಬಂದರೂ ಅವಳೇ ಏಳಬೇಕು, ಸೇವೆ ಮಾಡುವವರನ್ನು ದೇವರು ಕಾಯುತ್ತಾನೆ ಎನ್ನುತ್ತಾರೆ. ಜ್ವರದಲ್ಲಿ ಅವಳು ಅತ್ತೆಯನ್ನು ಎತ್ತಿ ಕೂರಿಸಿದರೆ ಇಬ್ಬರೂ ಮಲಗುತ್ತಾರೆ. 2022ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ ಸೋಂಕಿತರು ಪರೀಕ್ಷೆಯಲ್ಲಿ ದೃಢಪಟ್ಟ ದಿನದಿಂದ ಕನಿಷ್ಠ ಏಳು ದಿನ, ಅದರಲ್ಲಿ ಕೊನೆಯ ಮೂರು ದಿನ ಸತತ ಜ್ವರವಿಲ್ಲದೆ, ಪ್ರತ್ಯೇಕವಾಗಿರಬೇಕು ಎಂದಿತ್ತು. ಅಷ್ಟು ದಿನ ಆ ಕೆಲಸ ಗಂಡ, ಮೈದುನ, ವಾರಗಿತ್ತಿ ಯಾರಾದರೂ ಹೊರಬೇಕು. ಗಂಡಸರಿಗೆ ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮರ ಹತ್ತಿ ಕಾಯಿ ಇಳಿಸುವ ಕೈಗೆ ಮುದ್ದೆ ಮುರಿದು ತಿನ್ನಿಸುವುದು ಬರುತ್ತದೆ. ಬೇರೆ ಯಾರೂ ಇಲ್ಲದ ಮನೆಯಲ್ಲಿ ಎನ್-95, ತೆರೆದ ಕಿಟಕಿ, ಬೇಗ ಮುಗಿಯುವ ಕೆಲಸ, ಈ ಮೂರನ್ನಾದರೂ ಬಿಡಬಾರದು. ನಿದ್ದೆಗೆಟ್ಟು ಮನಸ್ಸು ಕುಸಿದಾಗ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆರೋಗ್ಯವಾಗಿರುವಾಗಲೇ ಒಂದು ಹಾಳೆ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿಡಿ: ಯಾವ ಮಾತ್ರೆ ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ, ಇನ್ಸುಲಿನ್ ಎಷ್ಟು ಯೂನಿಟ್, ಯಾವ ಔಷಧಿ ಆಗಿಬರುವುದಿಲ್ಲ, ಕೊನೆಯ ಲಸಿಕೆ ಯಾವಾಗ, ನೋಡುವ ಡಾಕ್ಟರ ಫೋನ್ ನಂಬರ್. ನೀವು ಮಲಗಿದ ದಿನ ನಿಮ್ಮ ಜಾಗಕ್ಕೆ ಬರುವವರಿಗೆ ಮೊದಲು ಬೇಕಾಗುವುದು ಆ ಹಾಳೆ.