ನಿಮಗಿದು ಗೊತ್ತೆ? ಕಂಪ್ಯೂಟರ್ ಬಾಯಲ್ಲಿ ‘ಜಗಲೂರ್’!

ಗೆಳೆಯನ ಕಂಪ್ಯೂಟರ್ ಇದ್ದಕ್ಕಿದ್ದಂತೆ “ಏನಪ್ಪಾ, ಊಟ ಆತಾ?” ಎಂದು ಕೇಳಿದರೆ? ಇದು ವಿಂಡೋಸ್‌ನ ಹಳೇ ಕೀಟಲೆ. ನೋಟ್‌ಪ್ಯಾಡ್‌ನಲ್ಲಿ ಒಂದೇ ಸಾಲಿನ ಆಜ್ಞೆ ಬರೆದು, ಫೈಲ್ ಹೆಸರಿನ ಕೊನೆಗೆ ‘ಡಾಟ್ ವಿಬಿಎಸ್’ ಎಂದು ಸೇರಿಸಿ ಸೇವ್ ಮಾಡಿದರಾಯಿತು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದೊಡನೆ ಯಂತ್ರ ಬಾಯಿ ಬಿಡುತ್ತದೆ.

ದನಿ ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್‌ನದು. ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಮಜಾ ಇರುವುದೇ ಅಲ್ಲಿ. ಇಂಗ್ಲಿಷ್‌ಗೆ ‘ಳ’ ಗೊತ್ತಿಲ್ಲ. ಹಾಗಾಗಿ ದಾವಣಗೆರೆ ಜಿಲ್ಲೆಯ ಜಗಳೂರು ‘ಜಗಲೂರ್’ ಆಗುತ್ತದೆ, ಹೊನ್ನಾಳಿ ‘ಹೊನಾಲಿ’. ಚನ್ನಗಿರಿ, ನ್ಯಾಮತಿಗಳಿಗೂ ಇಂಗ್ಲಿಷ್ ದೊರೆಗಳ ಕಾಲದ ಉಚ್ಚಾರಣೆಯೇ ಗತಿ! ಅಪ್ಪಟ ಕನ್ನಡವನ್ನೇ ಓದಿಸಬೇಕೆಂದರೆ ‘ಇ-ಸ್ಪೀಕ್’ ಎಂಬ ಉಚಿತ ತಂತ್ರಾಂಶವಿದೆ. ದೃಷ್ಟಿ ಇಲ್ಲದವರು ಬಳಸುವ, ಪರದೆಯನ್ನು ಓದಿ ಹೇಳುವ ‘ಎನ್‌ವಿಡಿಎ’ ತಂತ್ರಾಂಶದ ಜೊತೆ ಅದು ಸೇರಿಕೊಂಡೇ ಬರುತ್ತದೆ. ದನಿ ಕೊಂಚ ಲೋಹದ್ದು, ಆದರೆ ‘ಳ’ ಸ್ಪಷ್ಟ.

ಅಂದಹಾಗೆ, ಗುರುತಿಲ್ಲದವರು ಕಳಿಸಿದ ವಿಬಿಎಸ್ ಫೈಲನ್ನು ಮುಟ್ಟಲೇಬೇಡಿ. 2000ದ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳನ್ನು ಕಾಡಿದ ‘ಐ ಲವ್ ಯೂ’ ವರ್ಮ್ ಇ-ಮೇಲ್‌ನಲ್ಲಿ ಬಂದದ್ದು ಇದೇ ವೇಷದಲ್ಲಿ. ಇಂಥ ಫೈಲ್‌ಗಳ ಭಾಷೆಯಾದ ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಕೀಟಲೆ ಮಾಡುವವರು ಬೇಗ ಮಾಡಿ ಮುಗಿಸಿ.